ಶವರಿನ ಸುಣ್ಣಕ್ಕೆ ಅಡುಗೆಮನೆಯ ಹುಳಿ

‘ನಮ್ಮದು ಬೋರ್‌ವೆಲ್ ನೀರು. ಹೊಸ ಶವರ್ ಹಾಕಿಸಿ ವರ್ಷ ತುಂಬಿಲ್ಲ, ಆಗಲೇ ಅರ್ಧ ತೂತುಗಳು ಮುಚ್ಚಿಹೋಗಿವೆ. ಉಳಿದವುಗಳಿಂದ ನೀರು ತಲೆಯ ಮೇಲೆ ಬೀಳುವ ಬದಲು ಗೋಡೆಗೆ, ಬಾಗಿಲಿಗೆ ಚಿಮ್ಮುತ್ತದೆ. ಪ್ಲಂಬರ್ ಬಂದು ನೋಡಿ, ಬೇರೆ ಹಾಕಿಸಿಬಿಡಿ ಅಂದರು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಮೇಲೆ ಹೊಳಪು ಬಂತೇ ಹೊರತು ತೂತು ತೆರೆಯಲಿಲ್ಲ. ವಿನೆಗರ್ ಹಾಕಬೇಕು ಅಂತ ಮಗಳು ಹೇಳುತ್ತಾಳೆ. ಹುಳಿ ಅಂದಮೇಲೆ ಎಲ್ಲ ಹುಳಿಯೂ ಒಂದೇ ಅಲ್ಲವೇ?’

ಬೆಂಗಳೂರಿನ ಹೊರವಲಯದ ಓದುಗರೊಬ್ಬರ ಪ್ರಶ್ನೆ ಇದು. ಮಗಳು ಹೇಳಿದ್ದು ಸರಿ. ಶವರ್ ಬದಲಾಯಿಸಬೇಕಾಗಿಲ್ಲ. ಒಂದು ಪಾಲಿಥೀನ್ ಕವರು, ಒಂದು ರಬ್ಬರ್ ಬ್ಯಾಂಡು, ಒಂದು ಬಾಟಲಿ ಬಿಳಿ ವಿನೆಗರು, ಬಳಸಿ ಬಿಟ್ಟ ಟೂತ್‌ಬ್ರಶ್ ಇದ್ದರೆ ಸಾಕು. ಆದರೆ ಪ್ರಶ್ನೆಯ ಕೊನೆಯ ಸಾಲು ನನಗೆ ಬಹಳ ಹಿಡಿಸಿತು. ಎಲ್ಲ ಹುಳಿಯೂ ಒಂದೇ ಅಲ್ಲ. ಹುಳಿ ಎಷ್ಟು ಜೋರಾಗಿದೆ ಎನ್ನುವುದಷ್ಟೇ ಇಲ್ಲಿ ಮುಖ್ಯವಲ್ಲ. ಅದು ಸುಣ್ಣದ ಜೊತೆ ಸೇರಿದಾಗ ಹುಟ್ಟುವ ಹೊಸ ವಸ್ತು ನೀರಿನಲ್ಲಿ ಕರಗುತ್ತದೆಯೋ ಇಲ್ಲವೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಶವರನ್ನೇ ಹತ್ತಿರದಿಂದ ನೋಡೋಣ. ಬಿಚ್ಚಿ ಬೆಳಕಿಗೆ ಹಿಡಿದರೆ ಪ್ರತಿ ತೂತಿನ ಅಂಚಿನಲ್ಲೂ ಬಿಳಿ ಹಕ್ಕಳೆ ಕಾಣುತ್ತದೆ. ಕೆಲವು ತೂತುಗಳಲ್ಲಿ ಅದು ಪೂರ್ತಿ ಸುತ್ತಿಕೊಂಡಿಲ್ಲ, ಒಂದೇ ಕಡೆ ಬೆಳೆದು ಒಳಕ್ಕೆ ಚಾಚಿಕೊಂಡಿರುತ್ತದೆ. ನೀರಿನ ಎಳೆ ಗೋಡೆಯ ಕಡೆ ಓರೆಯಾಗಿ ಹಾರುವುದು ಅಂಥ ತೂತುಗಳಿಂದಲೇ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ, ಆದರೆ ಬೇರು ಅಲ್ಲಾಡುವುದಿಲ್ಲ. ಶವರಿನ ತೂತು ಸುಮಾರು ಒಂದು ಮಿಲಿಮೀಟರಿನಷ್ಟು ಅಗಲ. ಹಕ್ಕಳೆ ಬೆಳೆದು ಅಗಲ ಅರ್ಧಕ್ಕೆ ಇಳಿದರೆ ನೀರು ಹೋಗುವ ಜಾಗ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಶವರ್ ನಿಧಾನವಾಗಿ ಕೆಟ್ಟಂತೆ ಅನಿಸುವುದೇ ಇಲ್ಲ. ತಿಂಗಳುಗಟ್ಟಲೆ ಸರಿಯಾಗಿದ್ದು ಆಮೇಲೆ ದಿಢೀರನೆ ಕೈಕೊಟ್ಟ ಹಾಗೆ ಕಾಣುತ್ತದೆ.

ಈ ಸುಣ್ಣ ನೀರಿನೊಳಗೆ ಕಣ್ಣಿಗೆ ಕಾಣದಂತೆ ಬಂದು ಇಲ್ಲೇ ಏಕೆ ಕಲ್ಲಾಗಬೇಕು? ಈ ಪ್ರಶ್ನೆಯ ಇತಿಹಾಸವೇ ಒಂದು ಸೊಗಸಾದ ಕತೆ.

1750ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯ ವಿದ್ಯಾರ್ಥಿ ಮೂತ್ರಕೋಶದ ಕಲ್ಲು ಕರಗಿಸುವ ಮದ್ದು ಹುಡುಕುತ್ತಿದ್ದ. ಆ ಕಾಲದ ವೈದ್ಯರು ಅದಕ್ಕೆ ಸುಣ್ಣದ ತಿಳಿನೀರು ಕುಡಿಸುತ್ತಿದ್ದರು. ಬ್ಲ್ಯಾಕ್ ಸೌಮ್ಯವಾದ ಇನ್ನೊಂದು ಮದ್ದಿನ ಆಸೆಯಿಂದ ಮೆಗ್ನೀಷಿಯಾ ಎಂಬ ಬಿಳಿ ಪುಡಿಯ ಮೇಲೆ ಪ್ರಯೋಗ ಶುರುಮಾಡಿದ. ಪುಡಿಯನ್ನು ಕಾಯಿಸಿದಾಗ ತೂಕ ಇಳಿಯಿತು. ಆಮ್ಲ ಹಾಕಿದಾಗ ಗುಳ್ಳೆ ಎದ್ದವು. ಕಳೆದುಹೋದ ತೂಕವೂ ಎದ್ದ ಗುಳ್ಳೆಯೂ ಒಂದೇ ವಸ್ತು, ಕಲ್ಲಿನೊಳಗೆ ಸಿಕ್ಕಿಕೊಂಡಿದ್ದ ಒಂದು ಗಾಳಿ ಎಂದು ತಕ್ಕಡಿ ಹಿಡಿದೇ ಸಾಧಿಸಿ ತೋರಿಸಿದ. 1754ರ ಅವನ ಪ್ರಬಂಧ ರಸಾಯನ ವಿಜ್ಞಾನದ ದಿಕ್ಕನ್ನೇ ಬದಲಿಸಿತು. ಸುಣ್ಣಕಲ್ಲಿನೊಳಗೆ ಸಿಕ್ಕಿಕೊಂಡಿರುವುದೂ ಇದೇ ಗಾಳಿ. ನಾವು ಇವತ್ತು ಇಂಗಾಲದ ಡೈಆಕ್ಸೈಡ್ ಎನ್ನುವ ಆ ಅನಿಲವನ್ನು ಅವನು ಕರೆದದ್ದು ‘ಬಂಧಿತ ಗಾಳಿ’ ಎಂಬರ್ಥದ ಹೆಸರಿನಿಂದ.

ಕತೆಯ ಎರಡನೆಯ ಭಾಗ ಲಂಡನ್ನಿನದು. ರಾತ್‌ಬೋನ್ ಪ್ಲೇಸ್ ಎಂಬಲ್ಲಿ ಪಂಪಿನಿಂದ ಎತ್ತಿ ಮನೆಗಳಿಗೆ ಕೊಡುತ್ತಿದ್ದ ನೀರು ಕಾಯಿಸಿದ ಪಾತ್ರೆಗಳಲ್ಲೆಲ್ಲ ಬಿಳಿ ಗಸಿ ಬಿಡುತ್ತಿತ್ತು. ಹೈಡ್ರೋಜನ್ ಅನಿಲವನ್ನು ಪ್ರತ್ಯೇಕ ವಸ್ತುವೆಂದು ಗುರುತಿಸಿದ ಹೆನ್ರಿ ಕ್ಯಾವೆಂಡಿಶ್ ಈ ನೀರನ್ನು ಕೈಗೆತ್ತಿಕೊಂಡ. ಜನರ ಮುಖ ನೋಡಿ ಮಾತಾಡಲೂ ನಾಚುತ್ತಿದ್ದ, ಊಟಕ್ಕೆ ಏನು ಬೇಕೆಂದು ಚೀಟಿ ಬರೆದಿಡುತ್ತಿದ್ದ ಆ ಮಹಾನುಭಾವ ನೀರಿನ ಗಸಿಯಂಥ ಸಾಮಾನ್ಯ ಸಂಗತಿಗೆ ಕೊಟ್ಟ ಶ್ರದ್ಧೆ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ. ನೀರನ್ನು ಕುದಿಸಿದ, ಹೊರಟ ಅನಿಲವನ್ನು ಹಿಡಿದ, ಕೆಳಗೆ ಕೂತ ಸುಣ್ಣವನ್ನು ತೂಗಿದ. 1767ರಲ್ಲಿ ಅವನು ಪ್ರಕಟಿಸಿದ ಉತ್ತರ ಇದು: ಸುಣ್ಣದ ಅಂಶ ನೀರಿನಲ್ಲಿ ಕರಗಿ ನಿಂತಿರುವುದು ಹೆಚ್ಚುವರಿ ಬಂಧಿತ ಗಾಳಿಯ ದೆಸೆಯಿಂದ. ಕುದಿಸಿದಾಗ ಆ ಗಾಳಿ ಹೊರಟುಹೋಗುತ್ತದೆ, ಸುಣ್ಣ ಕೆಳಗೆ ಬೀಳುತ್ತದೆ.

ಇದನ್ನು ನಾನು ಜಾಮೀನಿನ ಲೆಕ್ಕದಲ್ಲಿ ಅರ್ಥಮಾಡಿಕೊಳ್ಳುತ್ತೇನೆ. ಶುದ್ಧ ನೀರಿನಲ್ಲಿ ಸುಣ್ಣಕಲ್ಲು ಕರಗುವುದು ಲೀಟರಿಗೆ ಸುಮಾರು 15 ಮಿಲಿಗ್ರಾಂ, ಇಲ್ಲವೆಂದೇ ಹೇಳಬಹುದು. ಇಂಗಾಲದ ಡೈಆಕ್ಸೈಡ್ ಬಂದು ಜಾಮೀನು ನಿಂತರೆ ಮಾತ್ರ ಅದಕ್ಕೆ ನೀರಿನಲ್ಲಿ ಓಡಾಡುವ ಬಿಡುಗಡೆ. ಆಗ ಅದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಲೀಟರಿಗೆ ನೂರಾರು ಮಿಲಿಗ್ರಾಂವರೆಗೆ ನಿಶ್ಚಿಂತೆಯಿಂದ ಇರುತ್ತದೆ. ಮಳೆನೀರು ಮಣ್ಣಿನ ಮೂಲಕ ಇಳಿಯುವಾಗ ಈ ಜಾಮೀನುದಾರ ಜೊತೆಯಾಗುತ್ತಾನೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು. ನೀರು ಬೋರ್‌ವೆಲ್ಲಿನಿಂದ ಮೇಲೆ ಬಂದು ತೊಟ್ಟಿಯಲ್ಲಿ ಬಯಲಾದಾಗ ಜಾಮೀನುದಾರ ಮೆಲ್ಲಗೆ ಜಾಗ ಖಾಲಿ ಮಾಡತೊಡಗುತ್ತಾನೆ. ಗೀಸರಿನಲ್ಲೋ ಸೋಲಾರಿನಲ್ಲೋ ಕಾದಾಗ ಓಡಿಯೇ ಹೋಗುತ್ತಾನೆ. ಸುಣ್ಣ ಸಿಕ್ಕಿಬಿದ್ದಲ್ಲೇ ಕೂರುತ್ತದೆ. ಬಚ್ಚಲಿನ ಹಂಡೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಕಾಣುವ ಪದರ ಇದೇ.

ಶವರಿನಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿ ಸೇರುತ್ತದೆ. ನಲ್ಲಿ ನಿಲ್ಲಿಸಿದ ಮೇಲೆ ಪ್ರತಿ ತೂತಿನ ಬಾಯಲ್ಲೂ ಒಂದು ಹನಿ ಜೋತುಕೊಂಡಿರುತ್ತದೆ. ಆ ಹನಿ ಅಲ್ಲೇ ಆರಿ ತನ್ನಲ್ಲಿದ್ದುದನ್ನೆಲ್ಲ ಅಂಚಿಗೆ ಬಿಟ್ಟುಹೋಗುತ್ತದೆ. ಮರುದಿನದ ಹನಿಗೆ ಆ ಒರಟು ಅಂಚು ಹರಳುಗಟ್ಟಲು ಹದವಾದ ಜಾಗ. ಹಾಗಾಗಿ ತೂತು ಕಟ್ಟುವುದು ನೀವು ಸ್ನಾನ ಮಾಡುವಾಗ ಅಲ್ಲ, ಮಾಡಿ ಹೋದಮೇಲೆ. ಸ್ನಾನ ಮುಗಿದೊಡನೆ ಕೈಯಿಂದ ಶವರಿನ ಮುಖ ಒಮ್ಮೆ ಒರೆಸಿ ಬರುವ ಅಭ್ಯಾಸ ಬಹಳ ಉಪಯೋಗಿ.

ಬೆಂಗಳೂರಿನ ಕೆಳಗಿರುವುದು ಗ್ರಾನೈಟು, ನೈಸ್ ಶಿಲೆ. ಅಲ್ಲಿ ಸುಣ್ಣಕಲ್ಲಿನ ಹಾಸಿಲ್ಲ. ಆದರೂ ಬೋರ್‌ವೆಲ್ ನೀರು ಗಡಸು. ಆಮ್ಲದ ಗುಣವಿರುವ ನೀರು ಶಿಲೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಕಲಬುರಗಿಯ ಶಹಾಬಾದ್, ವಾಡಿ, ಸೇಡಂ ಕಡೆ ಮಾತ್ರ ನೆಲವೇ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಯೂರಿದ್ದು ಅದಕ್ಕೇ. ಭಾರತೀಯ ಮಾನಕ ಬ್ಯೂರೋ 2012ರ ತನ್ನ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಎನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ನಡೆಯಬಹುದು ಎನ್ನುತ್ತದೆ. ಗಡಸು ನೀರು ಕುಡಿದರೆ ಆರೋಗ್ಯ ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಇಟ್ಟಿಲ್ಲ. ತೊಂದರೆ ಏನಿದ್ದರೂ ಸೋಪಿಗೆ, ಗೀಸರಿಗೆ, ಶವರಿಗೆ.

ಈಗ ಹುಳಿಯ ಮಾತು. ಆಮ್ಲ ಸುಣ್ಣಕಲ್ಲನ್ನು ಮುಟ್ಟಿದಾಗ ಬ್ಲ್ಯಾಕ್ ಕಂಡ ಅನಿಲ ಗುಳ್ಳೆಯಾಗಿ ಏಳುತ್ತದೆ. ಕ್ಯಾಲ್ಸಿಯಂ ಆಮ್ಲದ ಉಳಿದ ಭಾಗದ ಜೊತೆ ಸೇರಿ ಹೊಸ ಲವಣವಾಗುತ್ತದೆ. ವಿನೆಗರಿನಲ್ಲಿರುವುದು ಅಸಿಟಿಕ್ ಆಮ್ಲ. ಅದರಿಂದ ಬರುವ ಕ್ಯಾಲ್ಸಿಯಂ ಅಸಿಟೇಟ್ ಒಂದು ಲೀಟರ್ ನೀರಿನಲ್ಲಿ 300 ಗ್ರಾಂಗಿಂತ ಹೆಚ್ಚು ಕರಗುತ್ತದೆ. ಹುಟ್ಟಿದ್ದೇ ತಡ ನೀರಿಗೆ ಹೋಗಿಬಿಡುತ್ತದೆ. ಕೆಳಗಿನ ಹೊಸ ಸುಣ್ಣ ಆಮ್ಲಕ್ಕೆ ಸಿಗುತ್ತದೆ. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲದ ಕತೆ ಬೇರೆ. ಕ್ಯಾಲ್ಸಿಯಂ ಸಿಟ್ರೇಟ್ ಕರಗುವುದು ಲೀಟರಿಗೆ ಒಂದು ಗ್ರಾಂ ಆಸುಪಾಸು ಮಾತ್ರ. ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಿಮೆ ಕರಗುತ್ತದೆ. ಹುಣಸೆಯ ಹುಳಿಯಲ್ಲಿ ಮುಖ್ಯವಾಗಿರುವ ಟಾರ್ಟಾರಿಕ್ ಆಮ್ಲದ ಕ್ಯಾಲ್ಸಿಯಂ ಲವಣವಂತೂ ಅದಕ್ಕಿಂತಲೂ ಹಟಮಾರಿ. ಹುಟ್ಟಿದ ಜಾಗದಲ್ಲೇ ಸಣ್ಣ ಹರಳಾಗಿ ಸುಣ್ಣದ ಮೇಲೆ ಕೂತು ಆಮ್ಲದ ದಾರಿಗೆ ಅಡ್ಡವಾಗುತ್ತದೆ.

ಇದನ್ನು ಬಹಳ ಹಿಂದೆಯೇ ಚೆನ್ನಾಗಿ ಅರಿತು ಬಳಸಿಕೊಂಡವನು ಸ್ವೀಡನ್ನಿನ ಔಷಧಿ ಅಂಗಡಿಯವ ಕಾರ್ಲ್ ವಿಲ್‌ಹೆಲ್ಮ್ ಶೀಲೆ. ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕೂರುವ ಗಸಿಯಿಂದ ಟಾರ್ಟಾರಿಕ್ ಆಮ್ಲವನ್ನು 1769ರ ಸುಮಾರಿಗೆ, ನಿಂಬೆರಸದಿಂದ ಸಿಟ್ರಿಕ್ ಆಮ್ಲವನ್ನು 1784ರಲ್ಲಿ ಬೇರ್ಪಡಿಸಿದ್ದು ಅವನೇ. ಎರಡರಲ್ಲೂ ಉಪಾಯ ಒಂದೇ. ಸೀಮೆಸುಣ್ಣ ಹಾಕಿ ಆಮ್ಲವನ್ನು ಕರಗದ ಕ್ಯಾಲ್ಸಿಯಂ ಲವಣವಾಗಿ ಕೆಳಗೆ ಕೂರಿಸುವುದು, ಸೋಸಿಕೊಳ್ಳುವುದು, ಆಮೇಲೆ ಗಂಧಕಾಮ್ಲದಿಂದ ಬಿಡಿಸುವುದು. ಶೀಲೆಗೆ ವರವಾದ ಆ ಗುಣವೇ ನಮ್ಮ ಓದುಗರ ಶವರಿಗೆ ಅಡ್ಡಿಯಾಯಿತು. ಹುಣಸೆಹಣ್ಣು ತಾಮ್ರದ ಹಂಡೆಯನ್ನೂ ಹಿತ್ತಾಳೆ ದೀಪವನ್ನೂ ಬೆಳಗುವುದು ಲೋಹದ ಮೇಲಿನ ಕಿಲುಬನ್ನು ಕರಗಿಸಿ. ಅಲ್ಲಿ ಅದಕ್ಕೆ ಸಾಟಿಯಿಲ್ಲ. ಸುಣ್ಣದ ಮುಂದೆ ಅದರ ಆಟ ನಡೆಯದು.

ಹಾಗಂತ ನಿಂಬೆಯನ್ನು ತಳ್ಳಿಹಾಕಬೇಡಿ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಮ್ಲದ ಹರಳು. ಈಗ ಅದು ಬರುವುದು ನಿಂಬೆಹಣ್ಣಿನಿಂದ ಅಲ್ಲ, ಸಕ್ಕರೆಯ ಮೇಲೆ ಬೆಳೆಸಿದ ಕಪ್ಪು ಬೂಷ್ಟಿನಿಂದ. ಅದನ್ನು ಧಾರಾಳವಾಗಿ, ತಣ್ಣೀರಿನಲ್ಲಿ ಕದಡಿ ಬಳಸಿದರೆ ಕೆಲಸವಾಗುತ್ತದೆ, ಏಕೆಂದರೆ ಆಮ್ಲ ಹೆಚ್ಚಾಗಿದ್ದಾಗ ಸಿಟ್ರೇಟ್ ಸ್ವಲ್ಪ ಸುಲಭವಾಗಿ ಕರಗುತ್ತದೆ. ವಿನೆಗರಿನ ವಾಸನೆ ಆಗದವರಿಗೆ ಇದು ಒಳ್ಳೆಯ ದಾರಿ. ಕುದಿಯುವ ನೀರು ಮಾತ್ರ ಬೇಡ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಪರೀಕ್ಷೆ. ಹಕ್ಕಳೆಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಕಣ್ಣು ಹತ್ತಿರ ತಂದು ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಅದು ಸುಣ್ಣಕಲ್ಲು, ಧೈರ್ಯವಾಗಿ ಮುಂದುವರಿಯಿರಿ. ಏನೂ ಏಳದಿದ್ದರೆ ಅದು ಬೋರ್‌ವೆಲ್ಲಿನ ಮರಳೋ ಸಿಲಿಕವೋ ಇರಬಹುದು, ಹುಳಿ ಹಾಕಿ ಕಾಯುವುದು ವ್ಯರ್ಥ. ಕಂದು ಬಣ್ಣವಿದ್ದರೆ ಕಬ್ಬಿಣದ ಅಂಶವೂ ಸೇರಿದೆ ಎಂದರ್ಥ.

ಶವರ್ ಬಿಚ್ಚಲು ಬರುವಂತಿದ್ದರೆ ಬಿಚ್ಚುವುದೇ ಮೇಲು. ಸ್ಪ್ಯಾನರ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ಕೈಯಲ್ಲೇ ಎಡಕ್ಕೆ ತಿರುಗಿಸಿ, ಹಿಡಿತ ಚೆನ್ನಾಗಿ ಸಿಗುತ್ತದೆ. ಇಕ್ಕಳ ಹಾಕಲೇಬೇಕಾದರೆ ದಪ್ಪ ಬಟ್ಟೆ ಸುತ್ತಿ, ಇಲ್ಲವಾದರೆ ಹೊಳಪಿನ ಲೇಪ ಕಿತ್ತುಬರುತ್ತದೆ. ಒಳಬಾಯಲ್ಲಿ ವಾಷರಿನ ಜೊತೆ ಒಂದು ಸಣ್ಣ ಜಾಲರಿ ಇರುತ್ತದೆ. ಎಷ್ಟೋ ಸಲ ತೂತುಗಳೆಲ್ಲ ಸರಿಯಾಗಿದ್ದು ಈ ಜಾಲರಿಯೇ ಮರಳಿನಿಂದ ಕಟ್ಟಿರುತ್ತದೆ, ಟೂತ್‌ಬ್ರಶ್ಶಿನಿಂದ ಉಜ್ಜಿದರೆ ಮುಗಿಯಿತು. ಶವರನ್ನು ಹಳೆಯ ಪ್ಲಾಸ್ಟಿಕ್ ಡಬ್ಬದಲ್ಲಿ ಮುಖ ಕೆಳಗಾಗಿ ಇಟ್ಟು ಮುಳುಗುವಷ್ಟು ವಿನೆಗರ್ ಸುರಿಯಿರಿ. ಬಿಚ್ಚಲು ಬಾರದ ಶವರಾದರೆ ಪಾಲಿಥೀನ್ ಕವರಿಗೆ ವಿನೆಗರ್ ಹಾಕಿ, ಶವರಿನ ಮುಖ ಅದರಲ್ಲಿ ಮುಳುಗುವಂತೆ ಏರಿಸಿ ಕತ್ತಿಗೆ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕವರಿನೊಳಗೆ ಗುಳ್ಳೆಗಳು ತೂತುಗಳ ಬಾಯಿಂದ ಒಂದೊಂದಾಗಿ ಕಳಚಿ ಮೇಲೇರುವುದು ಕಾಣುತ್ತದೆ. ಕವರಿನ ಬಾಯಿ ಗಾಳಿಯಾಡದಂತೆ ಬಿಗಿಯಬೇಡಿ, ಆ ಅನಿಲಕ್ಕೆ ಹೋಗಲು ದಾರಿ ಬೇಕು.

ಎಷ್ಟು ವಿನೆಗರ್ ಬೇಕು? ಶೇಕಡಾ 4ರ ವಿನೆಗರ್ 100 ಮಿಲಿಲೀಟರಿನಲ್ಲಿ 4 ಗ್ರಾಂ ಆಮ್ಲ ಇರುತ್ತದೆ. ಅದು ಲೆಕ್ಕದ ಪ್ರಕಾರ 3.3 ಗ್ರಾಂ ಸುಣ್ಣಕಲ್ಲು ಕರಗಿಸಬಲ್ಲದು. ಕಾಲು ಲೀಟರಿಗೆ 8 ಗ್ರಾಂ. ಒಂದು ಶವರಿನ ಮುಖದ ಹಕ್ಕಳೆಗೆ ಇದು ಸಾಕು. ಗುಳ್ಳೆ ನಿಂತಮೇಲೂ ಸುಣ್ಣ ಉಳಿದಿದ್ದರೆ ಆಮ್ಲ ತೀರಿದೆ ಎಂದು ತಿಳಿದು ಹೊಸದು ಹಾಕಿ. ಉಗುರುಬೆಚ್ಚಗಿದ್ದರೆ ಬೇಗ ಆಗುತ್ತದೆ. ಅರ್ಧ ಗಂಟೆಗೊಮ್ಮೆ ನೋಡಿ, ಒಂದೆರಡು ಗಂಟೆಯಲ್ಲಿ ತೆಗೆಯಿರಿ. ರಾತ್ರಿಯಿಡೀ ನೆನೆಹಾಕಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕ್ರೋಮಿಯಂ ಲೇಪದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆಮ್ಲ ಅದರ ಕೆಳಗಿನ ಹಿತ್ತಾಳೆಗೆ ಇಳಿಯುತ್ತದೆ. ಚಿನ್ನದ ಬಣ್ಣದ, ಕಪ್ಪು ಬಣ್ಣದ ಶವರುಗಳಿಗೆ ಇನ್ನೂ ಕಡಿಮೆ ಹೊತ್ತು ಸಾಕು.

ಮೆತ್ತಗಾದ ಹಕ್ಕಳೆ ತೆಗೆಯಲು ಹಲವರು ಸೇಫ್ಟಿ ಪಿನ್ ಹುಡುಕುತ್ತಾರೆ. ಪಂಪ್ ಸ್ಟೋವ್ ಕಾಲದವರಿಗಂತೂ ತಗಡಿನ ಪಟ್ಟಿಯ ತುದಿಗೆ ಸಣ್ಣ ತಂತಿ ಸಿಕ್ಕಿಸಿದ ಸ್ಟೋವ್ ಪಿನ್ನು ನೆನಪಾಗುತ್ತದೆ. ಸ್ಟೋವಿನ ಹಿತ್ತಾಳೆ ನಿಪ್ಪಲಿಗೆಂದೇ ಅಳತೆ ಮಾಡಿದ ತಂತಿ ಅದು. ಪ್ಲಾಸ್ಟಿಕ್ ಶವರಿಗೆ ಉಕ್ಕಿನ ಮೊನೆ ಹಾಕಿದರೆ ತೂತು ಸೊಟ್ಟಗಾಗುತ್ತದೆ, ಒಳಗೆ ಗೀರು ಬೀಳುತ್ತದೆ, ಆ ಗೀರುಗಳಲ್ಲೇ ಮುಂದಿನ ಹರಳು ಬೇರೂರುತ್ತದೆ. ತೆಂಗಿನಗರಿಯ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಳ್ಳಿ, ಕರಾವಳಿಯವರ ಹಿಡಿಸೂಡಿಯ ಕಡ್ಡಿ. ತುದಿ ತೆಳ್ಳಗಿರುತ್ತದೆ, ಗಟ್ಟಿಯಾಗಿದ್ದೂ ಬಾಗುತ್ತದೆ, ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಗೀರುವುದಿಲ್ಲ. ನೆನೆದ ಸುಣ್ಣಕ್ಕೆ ಅಷ್ಟು ಸಾಕು. ತೂತುಗಳ ಬಾಯಲ್ಲಿ ರಬ್ಬರಿನಂಥ ಸಿಲಿಕೋನ್ ಮೊಲೆಗಳಿರುವ ಶವರಾದರೆ ಕಡ್ಡಿಯೂ ಬೇಡ, ಹೆಬ್ಬೆರಳಿನಿಂದ ಉಜ್ಜಿ. ಸಿಲಿಕೋನ್ ಬಾಗುತ್ತದೆ, ಸುಣ್ಣ ಬಾಗಲಾರದೆ ಒಡೆದು ಉದುರುತ್ತದೆ.

ಒಳಗಿನ ಲೋಳೆಯನ್ನೂ ಬ್ರಶ್ಶಿನಿಂದ ತಿಕ್ಕಿ ತೆಗೆಯಿರಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ನಾರ್ಮನ್ ಪೇಸ್ ಮತ್ತು ಸಂಗಡಿಗರು ಒಂಬತ್ತು ನಗರಗಳ ಶವರುಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಲೋಳೆಯಲ್ಲಿ ಮೈಕೋಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿಗಳು ನೀರಿನಲ್ಲಿರುವುದಕ್ಕಿಂತ ಬಹಳ ದಟ್ಟವಾಗಿ ಸಿಕ್ಕವು. ಆರೋಗ್ಯವಂತರು ಹೆದರಬೇಕಾಗಿಲ್ಲ. ಶ್ವಾಸಕೋಶದ ಕಾಯಿಲೆ ಇರುವವರ ಮನೆಯಲ್ಲಿ ಶವರ್ ಶುಚಿಯಾಗಿರುವುದು ಒಳ್ಳೆಯದು. ತಿರುಗಿ ಕೂರಿಸುವಾಗ ಚೂಡಿಯ ಮೇಲೆ ಹೊಸ ಟೆಫ್ಲಾನ್ ಟೇಪ್ ಸುತ್ತಿ, ನೀರು ಬಿಟ್ಟು ಒಂದು ನಿಮಿಷ ದೂರ ನಿಲ್ಲಿ. 2024ರ ಮಾರ್ಚಿನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಕಡ್ಡಾಯ ಮಾಡಿದ ನಲ್ಲಿಯ ಏರೇಟರುಗಳಿಗೂ ಇದೇ ಚಿಕಿತ್ಸೆ.

ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳಲ್ಲಿ ವಿನೆಗರಿಗೆ ಅಡುಗೆ ಸೋಡಾ ಬೆರೆಸುತ್ತಾರೆ. ಬುಸ್ಸೆಂದು ನೊರೆ ಉಕ್ಕುವುದನ್ನು ನೋಡಿ ಜನ ನಂಬುತ್ತಾರೆ. ಆ ನೊರೆ ಸುಣ್ಣ ಕರಗಿದ್ದಲ್ಲ. ಸೋಡಾ ವಿನೆಗರಿನ ಆಮ್ಲವನ್ನು ತಾನೇ ತಿಂದು ಮುಗಿಸುವ ಸದ್ದು ಅದು. ಉಳಿಯುವುದು ಸೋಡಿಯಂ ಅಸಿಟೇಟಿನ ನೀರು, ಅದಕ್ಕೆ ಸುಣ್ಣ ಕರಗಿಸುವ ಶಕ್ತಿ ಇಲ್ಲ. ದಯವಿಟ್ಟು ಬೆರೆಸಬೇಡಿ. ಬ್ಲೀಚಿಂಗ್ ಪೌಡರನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ಆಮ್ಲದ ಜೊತೆ ಬೆರೆಸುವುದಂತೂ ಪ್ರಾಣಕ್ಕೇ ಅಪಾಯ. ಮುಚ್ಚಿದ ಬಚ್ಚಲುಮನೆಯಲ್ಲಿ ಕ್ಲೋರಿನ್ ಅನಿಲ ತುಂಬುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಸುಣ್ಣವನ್ನು ಕ್ಷಣದಲ್ಲಿ ಕರಗಿಸುತ್ತದೆ ನಿಜ, ಜೊತೆಗೆ ಶವರಿನ ಲೇಪವನ್ನೂ. ನೆಲಕ್ಕೆ ಶಹಾಬಾದ್ ಕಲ್ಲೋ ಮಾರ್ಬಲ್ಲೋ ಹಾಸಿದ್ದರೆ ವಿನೆಗರ್ ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಅವೂ ಕ್ಯಾಲ್ಸಿಯಂ ಕಾರ್ಬೊನೇಟೇ, ಬಿದ್ದ ಕಡೆ ಮಾಸಿದ ಕಲೆ ಉಳಿಯುತ್ತದೆ. ಗ್ರಾನೈಟಿಗೆ ಆ ಭಯವಿಲ್ಲ.

ಓದುಗರು ಪತ್ರದ ಕೊನೆಯಲ್ಲಿ ಶವರಿನ ಕುತ್ತಿಗೆಗೆ ಸಿಕ್ಕಿಸುವ ಫಿಲ್ಟರ್ ಕೊಳ್ಳಲೇ ಎಂದೂ ಕೇಳಿದ್ದಾರೆ. ಗಡಸುತನ ತೆಗೆದು ಕೂದಲು ಉದುರುವುದನ್ನು ನಿಲ್ಲಿಸುತ್ತದೆ ಎಂಬ ಜಾಹೀರಾತು ಎಲ್ಲೆಡೆ ಇದೆ. ಲೆಕ್ಕ ಹಾಕಿ ನೋಡೋಣ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರಿನಲ್ಲಿ 80 ಲೀಟರಿನ ಒಂದು ಸ್ನಾನ ಎಂದರೆ ಸುಣ್ಣಕಲ್ಲಿನ ಲೆಕ್ಕದಲ್ಲಿ 32 ಗ್ರಾಂ. ಗಡಸುತನ ಹೀರುವ ರಾಳದ ಮಣಿಗಳಿಗೆ ಲೀಟರಿಗೆ ಹೆಚ್ಚೆಂದರೆ 100 ಗ್ರಾಂ ಹಿಡಿಯುವ ಶಕ್ತಿ. ಫಿಲ್ಟರಿನ ಒಳಗೆ 200 ಮಿಲಿಲೀಟರ್ ರಾಳವೇ ತುಂಬಿದೆ ಎಂದುಕೊಂಡರೂ 20 ಗ್ರಾಂಗೆ ಅದರ ಕತೆ ಮುಗಿಯಿತು. ಮೊದಲ ಸ್ನಾನ ಮುಗಿಯುವುದರೊಳಗೆ ಅದು ಸೋತಿರುತ್ತದೆ. ಇದ್ದಿಲಿನ ಫಿಲ್ಟರು ಕ್ಲೋರಿನ್ ತೆಗೆಯಬಹುದು, ಗಡಸುತನವನ್ನು ಮುಟ್ಟುವುದೇ ಇಲ್ಲ. ಇಡೀ ಮನೆಗೆ ಹಾಕುವ, ಉಪ್ಪಿನಿಂದ ಆಗಾಗ ಚೇತರಿಸಿಕೊಳ್ಳುವ ಸಾಫ್ಟ್‌ನರ್ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ದುಡ್ಡೂ ನೀರೂ ಖರ್ಚು.

ಆ ದುಡ್ಡನ್ನು ಚಾವಣಿಯ ಮಳೆನೀರಿಗೆ ಹಾಕಿ ಎಂದು ನಾನು ಹೇಳುತ್ತೇನೆ. 2009ರ ತಿದ್ದುಪಡಿಯ ನಂತರ ಬೆಂಗಳೂರಿನಲ್ಲಿ 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ 1,200 ಚದರಡಿಯಿಂದ ಮೇಲಿನ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಹೇಗೂ ಕಡ್ಡಾಯವಿದೆ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. 400ರ ಬೋರ್‌ವೆಲ್ ನೀರಿಗೆ ಸಂಪಿನಲ್ಲಿ ಅಷ್ಟೇ ಮಳೆನೀರು ಸೇರಿಸಿದರೆ ಗಡಸುತನ 200ಕ್ಕೆ ಇಳಿಯುತ್ತದೆ, ಮಾನಕ ಬ್ಯೂರೋ ಹೇಳುವ ಮಿತಿಗೆ ಸರಿಯಾಗಿ.